ಅಸಲು ಮುಟ್ಟಿಲ್ಲ

ಜನವರಿ 13, ಸೋಮವಾರ

ಅರ್ಧ ದಿನ ಅಂಗಡಿ ಮುಚ್ಚಿ ಉಳಿತಾಯ ಕಚೇರಿಗೆ ಹೋಗಿದ್ದಕ್ಕೆ ಸಿಕ್ಕಿದ್ದು ಹನ್ನೊಂದು ಸಾವಿರ. ಹೋದ ವರ್ಷ ನಲವತ್ತೊಂದು ಸಾವಿರ ಬಂದಿತ್ತು. ಕೌಂಟರಿನ ಹುಡುಗಿ ಗಾಜಿನ ಕೆಳಗೆ ಚೀಟಿ ತಳ್ಳಿ, "ಈ ವರ್ಷದ ಏರಿಕೆ ಇಷ್ಟೇ ಮೇಡಂ" ಎಂದಳು. ಹಿಂದುಗಡೆ ಇನ್ನೇನಾದರೂ ಬರೆದಿದೆಯೇನೋ ಎಂದು ಚೀಟಿಯನ್ನು ತಿರುಗಿಸಿ ನೋಡಿದೆ. ಬರೀ ಬಿಳಿ ಕಾಗದ.

"ಇದೇನಮ್ಮಾ ಇದು? ಬೆಲೆ ಏರಿದ ಹಾಗೆ ಏರೋ ಉಳಿತಾಯ ಪತ್ರ ಅಂತೀರಾ. ಹೋದ ವಾರ ದಾರದ ಉಂಡೆ ಎಷ್ಟಿತ್ತು, ಈ ವಾರ ಎಷ್ಟಾಗಿದೆ ಗೊತ್ತಾ ನಿನಗೆ? ಜಿಪ್ಪು, ಗುಂಡಿ, ಕರೆಂಟು, ಎಲ್ಲ ಅಟ್ಟಕ್ಕೇರಿ ಕೂತಿವೆ. ನಿಮ್ಮ ಪತ್ರಕ್ಕೊಂದು ಕಾಣ್ಸಲ್ವಾ?"

"ಅದು ನಿಮ್ಮ ಅಂಗಡಿ ದಾರ ನೋಡ್ಕೊಂಡು ಏರಲ್ಲ ಮೇಡಂ. ದೇಶದ ಬೆಲೆ ಸೂಚ್ಯಂಕ ನೋಡ್ಕೊಂಡು ಏರುತ್ತೆ. ಅದೂ ಮೂರು ತಿಂಗಳ ಹಿಂದಿಂದು."

"ಯಾಕೆ, ಈ ತಿಂಗಳಿಂದು ನೋಡಿದ್ರೆ ಕಣ್ಣು ಹೋಗುತ್ತಾ?"

ಹಿಂದೆ ಸರತಿಯಲ್ಲಿದ್ದವರು ಕೆಮ್ಮತೊಡಗಿದರು. ಸೂಚ್ಯಂಕ ಅಂದರೆ ಏನೆಂದು ಕೇಳಲು ನನಗೂ ಬಿಗುಮಾನ. ಪತ್ರದ ಹತ್ತು ವರ್ಷದ ಅವಧಿ ಇವತ್ತಿಗೆ ಮುಗಿಯಿತು; ಆರು ಲಕ್ಷದ ಹನ್ನೊಂದು ಸಾವಿರ ಕೈಗೆ ಬರುತ್ತದೆ, ಅಣ್ಣನದೂ ನನ್ನದೂ ಇಬ್ಬರ ಸಹಿ ಬೇಕಂತೆ. ಅಂಗಡಿಗೆ ಬಂದರೆ ಕೋಟಿನ ತೋಳು ಗಿಡ್ಡ ಮಾಡಿಸಲು ಕೊಟ್ಟ ಮನುಷ್ಯ ಬಾಗಿಲಲ್ಲಿ ದುಮುಗುಡುತ್ತ ನಿಂತಿದ್ದ. ಅವನ ಮೇಲೂ ಹರಿಹಾಯ್ದೆ.

ಜನವರಿ 16, ಗುರುವಾರ

ಅಣ್ಣ ಬಂದಿದ್ದ. ಫ್ಯಾನು, ಮಿಕ್ಸಿ ಮಾರುವ ಅಂಗಡಿಯಲ್ಲಿ ಮೂವತ್ತು ವರ್ಷ ನಿಂತೂ ನಿಂತೂ ಅವನ ಕಾಲಿನ ನರಗಳು ಗಂಟುಕಟ್ಟಿವೆ. ಬಂದವನೇ ನನ್ನ ಸ್ಟೂಲಿನ ಮೇಲೆ ಎರಡೂ ಕಾಲು ಚಾಚುತ್ತಾನೆ. ಬಾಯಿ ಮಾತ್ರ ಇನ್ನೂ ಹೊಸ ಮಿಕ್ಸಿ ಇದ್ದ ಹಾಗಿದೆ.

"ಹನ್ನೊಂದಾದ್ರೂ ಬಂತಲ್ಲ, ಬಿಡೇ. ಅಸಲು ಗಟ್ಟಿಯಾಗಿದೆ ತಾನೆ? ಅಮ್ಮ ಹೇಳಿದ್ದೂ ಅಷ್ಟೇ, ಅಸಲು ಮುಟ್ಟಬೇಡಿ ಅಂತ. ಹತ್ತು ವರ್ಷದಲ್ಲಿ ಮುಟ್ಟಿದೀವಾ? ಒಂದು ಚಿಕ್ಕಾಸು?"

"ಇಲ್ಲ."

"ಬೇರೆ ಮನೆಗಳಲ್ಲಿ ನೋಡು. ತಾಯಿ ಕಣ್ಣು ಮುಚ್ಚಿದ ವರ್ಷಕ್ಕೇ ನುಂಗಿ ನೀರು ಕುಡೀತಾರೆ."

ಅದು ನಿಜ. ಅಮ್ಮ ತನ್ನ ಪಾಲಿನ ಎರಡು ಕೋಣೆ ಮಾರಿ ಬಂದ ಆರು ಲಕ್ಷವನ್ನು ಗುಬ್ಬಿಗೆಂದು ಈ ಪತ್ರದಲ್ಲಿ ಇಟ್ಟು ಹೋದಳು. ಗುಬ್ಬಿ ನಮ್ಮ ಕೊನೆಯವಳು. ಮೈ ಬೆಳೆಯಿತು, ಬುದ್ಧಿ ಆರೇಳು ವರ್ಷಕ್ಕೇ ನಿಂತುಕೊಂಡಿತು, ಜೊತೆಗೆ ಆಗಾಗ ಫಿಟ್ಸ್. ಅಮ್ಮ ಹೋದ ಮೇಲೆ ಅವಳು ಇರುವ ಜಾಗವನ್ನು ನಾವು ಹಾಸ್ಟೆಲು ಎನ್ನುತ್ತೇವೆ. ಅಂಥವರನ್ನೇ ನೋಡಿಕೊಳ್ಳುವ ಒಳ್ಳೆಯ ಜಾಗ. ನಲವತ್ತು ತುಂಬುವವರೆಗೆ ತಿಂಗಳ ಫೀಸು, ಅದನ್ನು ನಾನೂ ಅಣ್ಣನೂ ಅರ್ಧರ್ಧ ಕೊಡುತ್ತಿದ್ದೇವೆ. ನಲವತ್ತು ತುಂಬಿದ ಮೇಲೆ ಒಂದೇ ಕಂತಿನಲ್ಲಿ ದೊಡ್ಡ ಮೊತ್ತ ಕಟ್ಟಿದರೆ ಸಾಯುವವರೆಗೂ ಸೀಟು, ಇಲ್ಲದಿದ್ದರೆ ಖಾಲಿ ಮಾಡಬೇಕು. ಬರುವ ಏಪ್ರಿಲ್ ಹನ್ನೆರಡಕ್ಕೆ ಅವಳಿಗೆ ನಲವತ್ತು.

ಆರು ಲಕ್ಷ ಎಂದು ಅಮ್ಮನ ಕಾಲದಲ್ಲಿ ಹೇಳಿದ್ದರು. ಈಗ ಐವತ್ತು ಸಾವಿರ ಹೆಚ್ಚು ಕೇಳಿದರೂ ಹೊಂದಿಸೋಣ ಎಂದ ಅಣ್ಣ. ಒಂದು ಸಲ ಕಟ್ಟಿಬಿಟ್ಟರೆ ನಾವು ಸತ್ತರೂ ಅವಳಿಗೆ ನೆಲೆ ಇದೆ. ಹತ್ತು ವರ್ಷದಿಂದ ಅದೊಂದು ಧೈರ್ಯದ ಮೇಲೆ ಉಸಿರಾಡುತ್ತಿದ್ದೇನೆ.

ಜನವರಿ 26, ಭಾನುವಾರ

ಹಾಸ್ಟೆಲಿಗೆ ಹೋಗಿದ್ದೆ. ಗುಬ್ಬಿ ಒಗೆದ ಟವೆಲುಗಳ ರಾಶಿಯ ಮುಂದೆ ಕೂತಿದ್ದಳು. ಅವಳು ಮಡಿಸಿದ ಟವೆಲು ನಾನು ಮಡಿಸಿದ್ದಕ್ಕಿಂತ ನೇರ. "ಅಕ್ಕಾ, ಉದ್ದಕ್ಕನಿಗೆ ಮಡಿಸೋಕೆ ಬರಲ್ಲ, ನಾನೇ ಎಲ್ಲ ಮಾಡ್ಬೇಕು" ಎಂದು ದೂರಿದಳು. ಉದ್ದಕ್ಕ ಎಂದರೆ ಪಕ್ಕದ ಮಂಚದವಳು, ನಿಜವಾಗಿಯೂ ಬಾಗಿಲೆತ್ತರ ಇದ್ದಾಳೆ. ಇಬ್ಬರೂ ನಾನು ತಂದ ಬಿಸ್ಕೆಟನ್ನು ಸಮನಾಗಿ ಹಂಚಿಕೊಂಡು, ಉಳಿದ ಒಂದಕ್ಕೆ ಜಗಳವಾಡಿ, ಕೊನೆಗೆ ಅದನ್ನು ನನ್ನ ಬಾಯಿಗೇ ತುರುಕಿದರು.

ಆಮೇಲೆ ದೊಡ್ಡ ಮೇಡಂ ಕೋಣೆಗೆ ಹೋದೆ. ಹಾಸ್ಟೆಲು ನಡೆಸುವವರು ಅವರೇ, ಒಳ್ಳೆಯ ಹೆಂಗಸು. ಕನ್ನಡಕ ಹಣೆಗೇರಿಸಿ, "ಈ ವರ್ಷದ್ದು ಹತ್ತು ಲಕ್ಷ ಇಪ್ಪತ್ತು ಸಾವಿರ" ಎಂದರು.

"ಆರು ಅಲ್ವಾ ಮೇಡಂ?"

"ಅದು ಹತ್ತು ವರ್ಷದ ಹಿಂದೆ ಅಮ್ಮಾ. ನಾವು ಪ್ರತಿ ವರ್ಷ ಸೂಚ್ಯಂಕದ ಪ್ರಕಾರ ಏರಿಸ್ತೀವಿ. ನಿಮ್ಮ ತಾಯಿಗೆ ಗೊತ್ತಿತ್ತಲ್ಲ! 'ನಿಮ್ಮದು ಯಾವುದರ ಲೆಕ್ಕದಲ್ಲಿ ಏರುತ್ತೆ' ಅಂತ ಕೇಳ್ಕೊಂಡು ಹೋಗಿ, ಹುಡುಕಿ ಅದೇ ಸೂಚ್ಯಂಕದ ಪತ್ರ ತಗೊಂಡಿದ್ರು. ಎಷ್ಟು ಚುರುಕು ಅಂದ್ಕೊಂಡಿದ್ದೆ ನಾನು. ಈಗ ನಿಮ್ಮ ಪತ್ರನೂ ಅಷ್ಟೇ ಆಗಿರುತ್ತೆ, ನೋಡಿ."

ನಾನು ತಲೆಯಾಡಿಸಿದೆ. ಹೌದು ಮೇಡಂ, ಆಗಿರುತ್ತೆ ಎಂದೆ. ಗುಬ್ಬಿ ಗೇಟಿನವರೆಗೂ ಬಂದು ಕೈ ಬೀಸಿದಳು.

ಜನವರಿ 27, ಸೋಮವಾರ

ಹತ್ತು ಲಕ್ಷ ಇಪ್ಪತ್ತು ಸಾವಿರ. ಆರು ಲಕ್ಷದ ಹನ್ನೊಂದು ಸಾವಿರ. ಎರಡು ಪ್ಯಾಂಟಿಗೆ ತಪ್ಪು ಜಿಪ್ಪು ಹಾಕಿ ಮತ್ತೆ ಬಿಚ್ಚಿದೆ.

ಜನವರಿ 29, ಬುಧವಾರ

ಊಟದ ಹೊತ್ತಿಗೆ, ಸರತಿ ಇಲ್ಲದಾಗ, ಮತ್ತೆ ಕಚೇರಿಗೆ ಹೋದೆ. ಬಿಗುಮಾನ ಎಲ್ಲ ಮನೆಯಲ್ಲೇ ಬಿಟ್ಟು ಹೋಗಿದ್ದೆ. "ನೋಡಮ್ಮಾ, ನನಗೆ ತಲೆಬುಡ ಅರ್ಥ ಆಗ್ತಿಲ್ಲ. ಚಿಕ್ಕ ಮಕ್ಕಳಿಗೆ ಹೇಳಿದ ಹಾಗೆ ಹೇಳು" ಎಂದೆ. ಹುಡುಗಿ ಡಬ್ಬಿ ಮುಚ್ಚಿಟ್ಟು, ಕೈ ಒರೆಸಿಕೊಂಡು ಬಂದಳು.

ಹೇಳಿದ್ದನ್ನು ಮರೆಯುವ ಮುಂಚೆ ಬರೆದಿಡುತ್ತೇನೆ. ಜನ ಸಾಮಾನ್ಯವಾಗಿ ಕೊಳ್ಳುವ ನೂರಾರು ಸಾಮಾನಿನ ಬೆಲೆಯನ್ನು ಎಲ್ಲ ಊರಿನಲ್ಲೂ ತಿಂಗಳು ತಿಂಗಳು ವಿಚಾರಿಸುತ್ತಾರೆ. ಊಟಕ್ಕೆ ಹೆಚ್ಚು ತೂಕ, ಗುಂಡಿಗೆ ಕಡಿಮೆ ತೂಕ ಕೊಟ್ಟು ಎಲ್ಲ ಸೇರಿಸಿ ಒಂದು ಅಂಕಿ ಮಾಡುತ್ತಾರೆ. ಅದೇ ಸೂಚ್ಯಂಕ. ವಿಚಾರಿಸಿ ಲೆಕ್ಕ ಹಾಕಲು ಸಮಯ ಹಿಡಿಯುವುದರಿಂದ ಮೂರು ತಿಂಗಳ ಹಿಂದಿನದು. ಅಮ್ಮ ಪತ್ರ ಕೊಂಡಾಗ ಆ ಅಂಕಿ ನೂರಿಪ್ಪತ್ತು ಇತ್ತು. ಈಗ ಇನ್ನೂರ ನಾಲ್ಕು.

"ಈಗಿಂದನ್ನ ಆಗಿಂದರಿಂದ ಭಾಗಿಸಿ ಮೇಡಂ."

ಅವಳ ಕ್ಯಾಲ್ಕುಲೇಟರಿನಲ್ಲಿ ನಾನೇ ಒತ್ತಿದೆ. ಒಂದು ಪಾಯಿಂಟ್ ಏಳು.

"ಅದನ್ನ ಆರು ಲಕ್ಷಕ್ಕೆ ಗುಣಿಸಿ."

ಹತ್ತು ಲಕ್ಷ ಇಪ್ಪತ್ತು ಸಾವಿರ. ಒಂದು ಚಿಕ್ಕಾಸು ಹೆಚ್ಚಿಲ್ಲ, ಕಮ್ಮಿ ಇಲ್ಲ.

"ಮತ್ತೆ ನಮ್ಮದು ಯಾಕೆ ಆರಕ್ಕೇ ನಿಂತಿದೆ?"

"ನೀವು ಪ್ರತಿ ಜನವರಿ ಏರಿಕೆ ತೆಗೆದಿದೀರಲ್ಲ ಮೇಡಂ. ತೆಗೆದಾಗೆಲ್ಲ ಮತ್ತೆ ಆರಕ್ಕೇ ಬರುತ್ತೆ. ಮುಂದಿನ ವರ್ಷದ ಲೆಕ್ಕ ಆ ಆರರ ಮೇಲೇ."

"ಅದು ಲಾಭ ಅಲ್ವಾ? ಅಸಲು ನಾವು ಮುಟ್ಟಿಲ್ಲಮ್ಮಾ."

ಹುಡುಗಿ ಕ್ಯಾಲ್ಕುಲೇಟರನ್ನು ತನ್ನ ಕಡೆ ಎಳೆದುಕೊಂಡಳು. "ಲಾಭ ಅಂದ್ರೆ ಮೇಲೆ ಬೇರೆ ಕೊಡ್ತೀವಲ್ಲ, ಒಂದು ಪರ್ಸೆಂಟು, ಅದು ಮೇಡಂ. ಏರಿಕೆ ಲಾಭ ಅಲ್ಲ. ಅದೂ ಅಸಲೇ. ಬೆಲೆ ಏರಿದಾಗ ನಿಮ್ಮ ದುಡ್ಡು ಮೊದಲಿದ್ದಷ್ಟೇ ಇರೋಕೆ ಅಷ್ಟು ಸೇರಿಸ್ತಾರೆ."

ಆ ಒಂದು ಪರ್ಸೆಂಟು ವರ್ಷಕ್ಕೆ ಆರು ಸಾವಿರ. ಅದನ್ನು ನಾವು ಬಿಸ್ಕೆಟ್ ದುಡ್ಡು ಎಂದು ನಗುತ್ತಿದ್ದೆವು. ಮುಟ್ಟಬಹುದಾಗಿದ್ದು ಅದೊಂದೇ.

"ತೆಗೆಯೋಕೆ ಫಾರಂ ಕೊಡ್ತಿದ್ದೋರು ನೀವೇ ಅಲ್ವೇನಮ್ಮಾ?"

"ತೆಗೀಬೋದು ಮೇಡಂ. ತೆಗೀಲೇಬೇಕು ಅಂತಲ್ಲ."

ಫೆಬ್ರುವರಿ 1, ಶನಿವಾರ

ಶಾಲೆಗೆ ಹೋಗುವ ಹುಡುಗಿಯೊಬ್ಬಳ ಫ್ರಾಕು ಬಂದಿತ್ತು. ಅವಳಮ್ಮ ಬುದ್ಧಿವಂತೆ, ಹೊಲಿಸುವಾಗಲೇ ಒಳಗೆ ನಾಲ್ಕು ಬೆರಳು ಬಟ್ಟೆ ಮಡಿಸಿ ಇಡಿಸಿದ್ದಾಳೆ. ಹುಡುಗಿ ಬೆಳೆದಳು, ಮಡಿಕೆ ಬಿಚ್ಚಿ ಕೆಳಗಿಳಿಸಿದೆ, ಮತ್ತೆ ಮೊಣಕಾಲು ಮುಚ್ಚಿತು. ಅಷ್ಟೇ ಅಲ್ಲವೇ ಈ ಏರಿಕೆ ಎಂದರೆ? ನಾವು ಮಾಡಿದ್ದೇನೆಂದರೆ, ವರ್ಷ ವರ್ಷ ಬಿಚ್ಚಿ ಇಳಿಸಿದಷ್ಟನ್ನೂ ಕತ್ತರಿಸಿ ಕರವಸ್ತ್ರ ಹೊಲಿದುಕೊಂಡು, ಫ್ರಾಕು ಮುಟ್ಟಿಲ್ಲ, ಹೊಲಿಸಿದಾಗ ಎಷ್ಟಿತ್ತೋ ಅಷ್ಟೇ ಇದೆ ಎಂದು ಎದೆ ತಟ್ಟಿಕೊಂಡೆವು. ಹುಡುಗಿ ಬೆಳೆಯುತ್ತಿದ್ದಾಳೆ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ದಿನಾ ಇದೇ ಕೆಲಸ ಮಾಡುವ ನನಗೂ ಹೊಳೆಯಲಿಲ್ಲವಲ್ಲ, ನನ್ನ ಹಣೆಬರಹಕ್ಕಿಷ್ಟು.

ಅಮ್ಮ ಒಂದು ಮಾತು ಜಾಸ್ತಿ ಆಡಿ ಹೋಗಬಾರದಿತ್ತೇ? ಅಸಲು ಮುಟ್ಟಬೇಡಿ ಎನ್ನುವ ಬದಲು ಏನನ್ನೂ ಮುಟ್ಟಬೇಡಿ ಎಂದಿದ್ದರೆ ಸಾಕಿತ್ತು. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಎಂದುಕೊಳ್ಳುವುದು ಅವಳ ಹಳೆಯ ಚಾಳಿ.

ಫೆಬ್ರುವರಿ 2, ಭಾನುವಾರ

ಅಣ್ಣನ ಮನೆಗೆ ಹೋಗಿ ಎಲ್ಲ ಬಿಡಿಸಿ ಹೇಳಿದೆ. ನೂರಿಪ್ಪತ್ತು, ಇನ್ನೂರ ನಾಲ್ಕು, ಒಂದು ಪಾಯಿಂಟ್ ಏಳು. ಅವನು ಮೊದಲು ನಕ್ಕ, ಆಮೇಲೆ ಪಿತ್ತ ನೆತ್ತಿಗೇರಿ ಕೂಗಾಡಿದ.

"ಹಾಗಂದ್ರೆ ನಾನು ಗುಬ್ಬಿ ದುಡ್ಡು ತಿಂದೆ ಅಂತಾನಾ?"

"ನಾನೂ ಸಹಿ ಹಾಕಿದೀನಿ ಅಣ್ಣ. ಇಬ್ಬರೂ ತಿಂದಿದೀವಿ."

ಅತ್ತಿಗೆ ಒಳಗಿನಿಂದ ಬಂದು ನಿಂತಳು. ಎಲ್ಲಿ ಹೋಯಿತು ಎಂದು ಮೂವರೂ ಕೂತು ನೆನಪಿಸಿಕೊಂಡೆವು. ಗುಬ್ಬಿಯ ಹಲ್ಲಿಗೆ ಎರಡು ಸಲ. ಅವಳ ಹಾಸಿಗೆ. ಹೊಸ ಫಿಟ್ಸ್ ಮಾತ್ರೆ ದುಬಾರಿ ಎಂದು ಒಂದು ವರ್ಷ ಪೂರ್ತಿ. ಅಣ್ಣನ ಮನೆಯ ಸೂರು ಸೋರಿದಾಗ. ನನ್ನ ಹೊಲಿಗೆ ಯಂತ್ರಕ್ಕೆ ಮೋಟಾರು. ಒಂದು ವರ್ಷ ಎಲ್ಲರೂ ಸೇರಿ ಗುಬ್ಬಿಯನ್ನು ಕರೆದುಕೊಂಡು ಸಮುದ್ರ ನೋಡಲು ಹೋಗಿದ್ದು. ಅವಳು ನೀರಿಗೆ ಹೆದರಿ ದಿನವಿಡೀ ಬಸ್ಸಿನಲ್ಲೇ ಕೂತಿದ್ದಳು. ಒಟ್ಟು ಮೂರು ಲಕ್ಷದ ಚಿಲ್ಲರೆ ತೆಗೆದಿದ್ದೇವೆ. ಕಳೆದುಕೊಂಡಿದ್ದು ನಾಲ್ಕು ಲಕ್ಷದ ಮೇಲೆ. ತೆಗೆಯದೆ ಬಿಟ್ಟಿದ್ದರೆ ಏರಿಕೆಯ ಮೇಲೂ ಏರಿಕೆ ಕೂಡುತ್ತಿತ್ತು.

"ಯಾರೂ ಕುಡಿದು ಕುಣಿದು ಹಾಳು ಮಾಡಿಲ್ಲವಲ್ಲ" ಎಂದಳು ಅತ್ತಿಗೆ. ಅದೇ ಸಂಕಟ. ಹಾಳು ಮಾಡಿದ್ದರೆ ಬೈದುಕೊಳ್ಳಲಾದರೂ ಒಬ್ಬರು ಸಿಗುತ್ತಿದ್ದರು. ಅಣ್ಣ ಕಾಲು ನೀವಿಕೊಳ್ಳುತ್ತ, "ಅಸಲು ಮುಟ್ಟಿಲ್ಲ ಕಣೇ ನಾನು" ಎಂದು ಇನ್ನೊಮ್ಮೆ ಹೇಳಿದ. ಅವನ ಬಾಯಿ ಅಷ್ಟು ಮೆಲ್ಲಗಾಗಿದ್ದು ನಾನು ನೋಡಿರಲಿಲ್ಲ.

ಫೆಬ್ರುವರಿ 14, ಶುಕ್ರವಾರ

ಅತ್ತಿಗೆ ಬಳೆ ಬಿಚ್ಚಿಕೊಟ್ಟಳು, ಅರವತ್ತು ಸಾವಿರ. ಅಣ್ಣನ ಮಾಲೀಕ ಕೈ ಎತ್ತಿದ, ಇನ್ನೆರಡು ವರ್ಷಕ್ಕೆ ಕೆಲಸ ಬಿಡುವವನಿಗೆ ಯಾರು ಸಾಲ ಕೊಡುತ್ತಾರೆ. ನನ್ನ ಅಂಗಡಿ ಬಾಡಿಗೆಯದು; ಯಂತ್ರ ಮಾರಿದರೆ ಹದಿನೆಂಟು ಸಾವಿರ ಎಂದ ಹಳೆ ಸಾಮಾನಿನವನು. ಮಾರಿ ಆಮೇಲೆ ಏನು ತಿನ್ನಲಿ, ಮಣ್ಣೇ?

ದೊಡ್ಡ ಮೇಡಂ ಬಳಿ ಕಂತಿನಲ್ಲಿ ಕಟ್ಟುತ್ತೇನೆಂದು ಅಂಗಲಾಚಿದೆ. ಅವರ ಮುಖವೂ ಸಣ್ಣಗಾಯಿತು. "ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡ್ಬೇಕು ಅಮ್ಮಾ. ಇಪ್ಪತ್ತು ಜನ ಕಾಯ್ತಿದಾರೆ, ಪೂರ್ತಿ ದುಡ್ಡು ಹಿಡ್ಕೊಂಡು." ಅತ್ತಿಗೆಗೆ ಬಳೆ ವಾಪಸು ಕೊಟ್ಟು ಬಂದೆ. ಅದು ಮೂಲೆಗೂ ಸಾಲದು.

ಫೆಬ್ರುವರಿ 23, ಭಾನುವಾರ

ಗುಬ್ಬಿಯ ಬಳಿ ಹೋಗಲಿಲ್ಲ. ಊರಾಚೆ ಇನ್ನೊಂದು ಜಾಗ ಇದೆ ಎಂದು ಯಾರೋ ಹೇಳಿದ್ದರು, ಅದನ್ನು ನೋಡಿ ಬಂದೆ. ಉದ್ದನೆಯ ಕೋಣೆ, ಫಿನಾಯಿಲ್ ವಾಸನೆ, ಗೋಡೆಗೆ ಸಾಲಾಗಿ ಕುರ್ಚಿ. ಕೂತವರು ಯಾರೂ ತಿರುಗಿ ನೋಡಲಿಲ್ಲ. ಹೊರಗಿನಿಂದ ಅಗಳಿ. ಮಾಡಲು ಏನಾದರೂ ಕೆಲಸ ಕೊಡುತ್ತೀರಾ ಎಂದರೆ, "ಇವರಿಗೆಂಥ ಕೆಲಸ" ಎಂದ ಅಲ್ಲಿಯವನು. ತಿಂಗಳಿಗೆ ಐದು ಸಾವಿರ. ನನ್ನಿಂದ ಒಂದೂವರೆ ಆಗುತ್ತದೆ. ಅಣ್ಣನದನ್ನು ನೆಚ್ಚುವಂತಿಲ್ಲ. ಉಳಿದ ಮೂರೂವರೆ ಆರು ಲಕ್ಷದಿಂದಲೇ ತೆಗೆಯಬೇಕು.

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಈಗ ನನಗೆ ಇದು ಚೆನ್ನಾಗಿ ಬರುತ್ತದೆ. ದುಡ್ಡನ್ನು ಅಂಥದೇ ಪತ್ರದಲ್ಲಿಟ್ಟರೆ ಬೆಲೆಯ ಜೊತೆ ಅದೂ ಏರುತ್ತದೆ, ಫೀಸೂ ಏರುತ್ತದೆ. ಎರಡೂ ಒಂದೇ ವೇಗದಲ್ಲಿ ಏರಿದರೆ ಏರಿಕೆಯನ್ನು ಲೆಕ್ಕದಿಂದ ಎತ್ತಿಹಾಕಿ ಇವತ್ತಿನ ದುಡ್ಡಿನಲ್ಲೇ ಭಾಗಿಸಬಹುದು. ವರ್ಷಕ್ಕೆ ನಲವತ್ತೆರಡು ಸಾವಿರ. ಹದಿನಾಲ್ಕು ವರ್ಷಕ್ಕೆ ಬರುತ್ತದೆ. ಗುಬ್ಬಿಗೆ ಆಗ ಐವತ್ನಾಲ್ಕು, ನನಗೆ ಅರವತ್ತೊಂದು. ಸೂಜಿಗೆ ದಾರ ಏರಿಸಲು ಕಣ್ಣು ಉಳಿದಿರುತ್ತದೋ ಇಲ್ಲವೋ.

ಮಾರ್ಚ್ 3, ಸೋಮವಾರ

ಆ ಜಾಗದವರು ಆರೋಗ್ಯದ ಸರ್ಟಿಫಿಕೇಟ್ ಕೇಳಿದ್ದಾರೆ. ಗುಬ್ಬಿಯನ್ನು ಅವಳ ಹಳೆಯ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಎದೆ ನೋಡಿದರು, ರಕ್ತ ನೋಡಿದರು, ನಾಲಗೆ ಚಾಚು ಎಂದರೆ ಅವಳು ಮುಚ್ಚಲೇ ಇಲ್ಲ. ಅವಳು ನರ್ಸಿನ ಜೊತೆ ಹೊರಗೆ ಹೋದಾಗ ಕೇಳಿದೆ.

"ಡಾಕ್ಟ್ರೇ, ಇಂಥವರು ಸಾಮಾನ್ಯವಾಗಿ ಎಷ್ಟು ವರ್ಷ ಇರ್ತಾರೆ?"

"ಅಯ್ಯೋ, ಹೆದರ್ಕೋಬೇಡಿ ತಾಯಿ. ಹಿಂದೆಲ್ಲ ಬೇಗ ಹೋಗ್ತಿದ್ರು. ಇವಳ ಹೃದಯ ನೋಡಿ, ನನಗಿಂತ ಗಟ್ಟಿ. ಫಿಟ್ಸ್ ಹತೋಟೀಲಿದೆ. ಎಪ್ಪತ್ತು, ಎಪ್ಪತ್ತೈದು ಆರಾಮಾಗಿ ಇರ್ತಾಳೆ."

ನನಗೆ ಅಳು ತಡೆಯಲಾಗಲಿಲ್ಲ. ಡಾಕ್ಟರು ಹತ್ತಿ ಕೊಟ್ಟರು, ಒರೆಸಿಕೊಳ್ಳಿ ಎಂದು. "ಅಕ್ಕ ಅಂದ್ರೆ ಹೀಗಿರ್ಬೇಕು" ಎಂದು ನರ್ಸಿಗೂ ಹೇಳಿದರು. ಫೀಸು ತೆಗೆದುಕೊಳ್ಳಲಿಲ್ಲ.

ಐವತ್ತೈದು ಎನ್ನುತ್ತಾರೆ ಎಂದುಕೊಂಡು ಹೋಗಿದ್ದೆ. ಯಾಕೆ ಹಾಗೆ ಅಂದುಕೊಂಡೆನೋ. ಎಪ್ಪತ್ತರಲ್ಲಿ ಐವತ್ನಾಲ್ಕು ಕಳೆದರೆ ಹದಿನಾರು.

ಮಾರ್ಚ್ 18, ಮಂಗಳವಾರ

ಏನೂ ಇಲ್ಲ. ಕೋಟು ಎರಡು, ಪ್ಯಾಂಟು ಐದು.

ಮಾರ್ಚ್ 24, ಸೋಮವಾರ

ದೊಡ್ಡ ಮೇಡಂ ಫೋನು ಮಾಡಿದ್ದರು. ಭಾನುವಾರಗಳಂದು ಗುಬ್ಬಿ ಗೇಟಿನ ಬಳಿಯೇ ಕೂತಿರುತ್ತಾಳಂತೆ, ಊಟಕ್ಕೂ ಬರುವುದಿಲ್ಲವಂತೆ. ಕೆಲಸ ಜಾಸ್ತಿ ಇತ್ತು ಎಂದೆ. ಕೆಲಸ ಇದ್ದದ್ದು ನಿಜ. ಹೋದರೆ ಅವಳ ಮುಖ ನೋಡಬೇಕಲ್ಲ. ಕೆಂಪಗೆ ದುಂಡಗೆ ಇದ್ದಾಳೆ, ಒಂದು ಶೀತ ಸಹ ಬರುವುದಿಲ್ಲ ಅವಳಿಗೆ.

ಏಪ್ರಿಲ್ 4, ಶುಕ್ರವಾರ

ತೀರ್ಮಾನ ಆಯಿತು. ಊರಾಚೆಯ ಜಾಗಕ್ಕೆ ಹಾಕಿದರೆ ಅವಳ ಐವತ್ನಾಲ್ಕಕ್ಕೆ ದುಡ್ಡೂ ಮುಗಿದಿರುತ್ತದೆ, ನಾನೂ ಮುಗಿದಿರುತ್ತೇನೆ. ಅದಕ್ಕೇ ಈಗ ಕೈಕಾಲು ಆಡುವವರೆಗೆ ನನ್ನ ಬಳಿಯೇ ಇಟ್ಟುಕೊಳ್ಳುವುದು, ದುಡ್ಡನ್ನು ನನ್ನ ಕೈಲಾಗದ ಕಾಲಕ್ಕೆಂದು ಮತ್ತೆ ಹತ್ತು ವರ್ಷಕ್ಕೆ ಇಡುವುದು. ಅಣ್ಣ, "ನಮ್ಮನೇಲಿ ಎಲ್ಲಿ ಜಾಗ, ನೀನೇ ನೋಡಿದೀಯಲ್ಲ" ಎಂದ. ನೋಡಿದ್ದೇನೆ. ನನ್ನದು ಅಂಗಡಿಯ ಹಿಂದಿನ ಒಂದೇ ಕೋಣೆ, ಅದನ್ನು ಅವನೂ ನೋಡಿದ್ದಾನೆ.

ಇಬ್ಬರೂ ಹೋಗಿ ಸಹಿ ಹಾಕಿದೆವು. ಕೌಂಟರಿನ ಹುಡುಗಿ ಫಾರಂ ತಿರುಗಿಸಿ, "ಏರಿಕೆ ತೆಗೆಯುವುದಿಲ್ಲ" ಎಂಬ ಚೌಕದ ಮೇಲೆ ಬೆರಳಿಟ್ಟಳು. ಅಣ್ಣ ಪೆನ್ನು ಒತ್ತಿ ಗುರುತು ಹಾಕಿದ ರಭಸಕ್ಕೆ ಕಾಗದ ಹರಿಯಿತು. ಹುಡುಗಿ ಇನ್ನೊಂದು ಫಾರಂ ಕೊಟ್ಟಳು.

ಏಪ್ರಿಲ್ 12, ಶನಿವಾರ

ಗುಬ್ಬಿಯನ್ನು ಕರೆತಂದೆ. ಸುತ್ತಾಡಲು ಹೋಗುತ್ತಿದ್ದೇವೆ ಎಂದುಕೊಂಡು ಕುಣಿಯುತ್ತ ಬಂದಳು. ಉದ್ದಕ್ಕನಿಗೆ, "ಸಂಜೆ ಬಿಸ್ಕೆಟ್ ತರ್ತೀನಿ" ಎಂದು ಹೇಳಿ ಬಂದಿದ್ದಾಳೆ. ನಾವು ಆಟೋ ಹತ್ತುವ ಮೊದಲೇ ಒಳಗೆ ಅವಳ ಮಂಚದ ಹಾಸಿಗೆ ಬದಲಾಯಿಸುತ್ತಿದ್ದರು.

ಏಪ್ರಿಲ್ 19, ಶನಿವಾರ

ಇಸ್ತ್ರಿಪೆಟ್ಟಿಗೆಯನ್ನು ಗುಬ್ಬಿಗೆ ಎಟುಕದ ಹಾಗೆ ಮೇಲೆ ಕಟ್ಟಿದ್ದೇನೆ. ಕತ್ತರಿ ಸೊಂಟದಲ್ಲೇ. ಗ್ಯಾಸಿನ ಒಲೆ ಹಚ್ಚಬೇಕಾದರೆ ಅವಳನ್ನು ಹೊರಗೆ ಕೂರಿಸಬೇಕು, ಹೊರಗೆ ಕೂರಿಸಿದರೆ ಎದ್ದು ಹೋಗುತ್ತಾಳೆ. ಗಿರಾಕಿಗಳ ಬಟ್ಟೆಯನ್ನೆಲ್ಲ ಒಂದು ಗುಡ್ಡೆ ಮಾಡಿ ಮಡಿಸಿಟ್ಟಿದ್ದಳು, ಹೆಸರಿನ ಚೀಟಿಗಳನ್ನು ಕಿತ್ತು ಬೇರೆ ಗುಡ್ಡೆ. ಯಾರದು ಯಾವುದೆಂದು ಗೊತ್ತಾಗದೆ ನಾಲ್ಕು ಜನರ ಹತ್ತಿರ ಬೈಸಿಕೊಂಡೆ.

ಹೊಡೆದೆ. ಎರಡು ಏಟು.

ಏಪ್ರಿಲ್ 25, ಶುಕ್ರವಾರ

ಫಿಟ್ಸ್ ಬಂತು. ಇಲ್ಲಿಗೆ ಬಂದ ಮೇಲೆ ಇದು ಮೊದಲನೆಯದು. ಕೋಣೆಯಲ್ಲಿ ಬಿದ್ದ ಸದ್ದು ಕೇಳಿತು. ಎರಡು ಇಂಚು ಹೊಲಿಗೆ ಬಾಕಿ ಇತ್ತು, ಮುಗಿಸಿ ಎದ್ದೆ. ಎರಡೇ ಇಂಚು. ಹೋಗಿ ಒಂದು ಮಗ್ಗುಲಿಗೆ ತಿರುಗಿಸಿ ಬಾಯಿ ಒರೆಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ನಕ್ಕಳು. ಅವಳಿಗೆ ಏನೂ ಆಗಿಲ್ಲ. ಏನೂ ಆಗುವುದಿಲ್ಲ ಅವಳಿಗೆ.



ಮೇ 4, ಭಾನುವಾರ

ಸಂಜೆ ಗುಬ್ಬಿ ಚಪ್ಪಲಿ ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. ದಿನಾ ನಿಲ್ಲುತ್ತಾಳೆ, ದಿನಾ ಗದರಿಸಿ ಒಳಗೆ ಕರೆಯುತ್ತೇನೆ. ಇವತ್ತು ಗದರಿಸುವಷ್ಟು ತ್ರಾಣ ಇರಲಿಲ್ಲ. ಹೋಗಿ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತೆ.

"ಅಕ್ಕಾ, ಮನೆಗೆ ಹೋಗೋಣ. ಇನ್ಮೇಲೆ ಮಾಡಲ್ಲ."

"ಏನು ಮಾಡಲ್ಲ?"

ಬಹಳ ಯೋಚಿಸಿದಳು. "ಗೊತ್ತಿಲ್ಲ. ಮಾಡಲ್ಲ."

"ನೀನು ಏನೂ ತಪ್ಪು ಮಾಡಿಲ್ಲ ಕಣೇ."

"ಮತ್ತೆ ಯಾಕೆ ಅಲ್ಲಿಂದ ಕಳಿಸಿದ್ರು?"

ಇಷ್ಟು ದಿನ ಅವಳಿಗೆ ಯಾರೂ ಹೇಳಿಲ್ಲವಲ್ಲ ಎಂದು ಆಗ ಅನ್ನಿಸಿತು. ಅವಳದೇ ದುಡ್ಡು. ಹೇಳಿದೆ. ಅಮ್ಮ ನಿನಗೆಂದು ಆರು ಲಕ್ಷ ಇಟ್ಟಿದ್ದಳು ಎಂದು ಶುರು ಮಾಡಿದೆ. ಸಾಮಾನಿನ ಬೆಲೆ ಏರುತ್ತದೆ, ಏರಿದ್ದನ್ನು ಎಲ್ಲ ಊರಿನಲ್ಲಿ ವಿಚಾರಿಸಿ ಒಂದು ಅಂಕಿ ಮಾಡುತ್ತಾರೆ, ಈಗಿನ ಅಂಕಿಯನ್ನು ಆಗಿನದರಿಂದ ಭಾಗಿಸಿ ದುಡ್ಡಿಗೆ ಗುಣಿಸುತ್ತಾರೆ, ಹೆಚ್ಚಾಗಿ ಕಾಣುವುದು ಹೆಚ್ಚಲ್ಲ, ಅದು ಮೊದಲಿನದೇ, ಅದನ್ನು ತೆಗೆಯಬಾರದು, ನಾವು ತೆಗೆದೆವು, ಪ್ರತಿ ವರ್ಷ ತೆಗೆದೆವು. ಎಲ್ಲೂ ತಡವರಿಸಲಿಲ್ಲ. ಅಣ್ಣನಿಗೆ ಹೇಳಿದಾಗಲೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಗುಬ್ಬಿ ಮುಗಿಯುವವರೆಗೂ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಸರಿ ಅಕ್ಕಾ," ಎಂದಳು. "ನಾನು ಇನ್ಮೇಲೆ ಯಾವತ್ತೂ ಹಾಗೆ ಮಾಡಲ್ಲ. ಈಗ ಹೋಗೋಣ್ವಾ?"